ಸ್ಪಷ್ಟನೆ: ಸ್ಪ್ರಿಂಗ್ ನಟ್ಟು ತಿರುಗಿಸಿದರೆ ಮುಂದಿನ ಭಾರ ಹಿಂದಕ್ಕೆ ಹೋಗುವುದಿಲ್ಲ

ರೇಸ್ ಕಾರಿನ ಸ್ಪ್ರಿಂಗ್ ಕೂರುವ ನಟ್ಟನ್ನು ತಿರುಗಿಸಿ ಮುಂಭಾಗದ ಭಾರವನ್ನು ಹಿಂದಕ್ಕೆ ಕಳಿಸಬಹುದು, ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಾಣಿಕೆ) ನೋಡಬೇಕಿಲ್ಲ ಎಂಬ ಮಾತು ಬೆಳಗಾವಿಯ ಉದ್ಯಮಬಾಗದ ಗ್ಯಾರೇಜುಗಳಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು.

ನಟ್ಟು ಬದಲಿಸುವುದು ಕರ್ಣರೇಖೆಯಲ್ಲಿರುವ ಚಕ್ರಗಳ ಮೇಲಿನ ಭಾರದ ಹಂಚಿಕೆಯನ್ನು ಮಾತ್ರ. 800 ಕಿಲೋ ತೂಕದ ಕಾರಿನಲ್ಲಿ ಮುಂದಿನ ಎಡಕ್ಕೆ 220, ಬಲಕ್ಕೆ 180, ಹಿಂದಿನ ಎಡಕ್ಕೆ 190, ಬಲಕ್ಕೆ 210 ಕಿಲೋ ಇದೆ ಎಂದುಕೊಳ್ಳಿ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿ 370 ಕಿಲೋ, ಅಂದರೆ ಶೇ. 46.25. ಆ ಎರಡು ಮೂಲೆಗಳನ್ನು ತುಸು ಎತ್ತರಿಸಿ, ಉಳಿದೆರಡನ್ನು ಅಷ್ಟೇ ಇಳಿಸಿ, ನಾಲ್ಕನ್ನೂ ಮೇಲೆ ಹೇಳಿದ ಕ್ರಮದಲ್ಲೇ 205, 195, 205, 195 ಕಿಲೋಗೆ ತಂದರೆ ಕರ್ಣದ ಪಾಲು ಶೇ. 50 ಆಗುತ್ತದೆ, ಆದರೆ ಮುಂದಿನ 400 ಮತ್ತು ಎಡಬದಿಯ 410 ಕಿಲೋ ಇದ್ದಲ್ಲೇ ಇರುತ್ತವೆ. ಅವನ್ನು ಬದಲಿಸಲು ಬ್ಯಾಟರಿಯಂಥ ಭಾರದ ವಸ್ತುವನ್ನೇ ಸ್ಥಳಾಂತರಿಸಬೇಕು.

ಚಾಲಕನ ಆಸನದಲ್ಲಿ ಅವನಷ್ಟೇ ತೂಕವಿಡದೆ, ಆ್ಯಂಟಿ-ರೋಲ್ ಬಾರಿನ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡ-ಬಲ ಚಕ್ರಗಳನ್ನು ಜೋಡಿಸುವ ಸರಳಿನ) ಕೊಂಡಿ ಬಿಡಿಸದೆ, ಅಥವಾ ಸಮತಟ್ಟಲ್ಲದ ನೆಲದ ಮೇಲೆ ತೆಗೆದ ತೂಕದ ಅಳತೆಯನ್ನು ದಯವಿಟ್ಟು ನಂಬಬೇಡಿ. ಎತ್ತರ ಬದಲಾದೊಡನೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುವುದರಿಂದ, ಅವನ್ನು ಮತ್ತೆ ಅಳೆದು ಸರಿಪಡಿಸಿ, ಕೊನೆಗೊಮ್ಮೆ ನಾಲ್ಕೂ ಚಕ್ರಗಳನ್ನು ತೂಗಲೇಬೇಕು.