ಕೈಕುಲುಕುವುದರಲ್ಲೇ ಕಥೆ ಇದೆ
ಕಥೆ ಕಟ್ಟಿ ಕುಸ್ತಿ ಆಡಿಸುವ ಅಮೆರಿಕದ ಕಂಪನಿ ರಿಂಗ್ ಆಫ್ ಆನರ್‌ನ ಶೋನಲ್ಲಿ ಕುಸ್ತಿಪಟುಗಳು ಪಂದ್ಯಕ್ಕೆ ಮೊದಲು ಮತ್ತು ನಂತರ ಕೈಕುಲುಕುವ ಪದ್ಧತಿ ಸುಮ್ನೆ ಟೈಮ್ ವೇಸ್ಟ್ ಎಂದು ಬರೆದಿದ್ದೀರಿ. ನಾನಂತೂ ಒಪ್ಪುವುದಿಲ್ಲ. 2002ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಅವರ ಮೊದಲ ಶೋ ನೋಡಿ. ಲೋ ಕೀ, ಬ್ರಯಾನ್ ಡೇನಿಯಲ್ಸನ್, ಕ್ರಿಸ್ಟೋಫರ್ ಡೇನಿಯಲ್ಸ್, ಮೂವರ ಪಂದ್ಯ. ಗೆದ್ದಿದ್ದು ಲೋ ಕೀ. ಸೋತ ಡೇನಿಯಲ್ಸ್ ಕೈಕುಲುಕಲು ಒಪ್ಪಲಿಲ್ಲ, ಅಷ್ಟೇ. ಬೈಗುಳ ಇಲ್ಲ, ಕುರ್ಚಿ ಏಟು ಇಲ್ಲ, ಕಂಪನಿಗೆ ಮೊದಲ ವಿಲನ್ ಸಿಕ್ಕಿಬಿಟ್ಟ! ಬೇರೆ ಕಡೆ ಇದಕ್ಕೇ ಮೈಕ್ ಹಿಡಿದು ಹತ್ತು ನಿಮಿಷ ಮಾತಾಡುತ್ತಾರೆ. ಒಬ್ಬ ಚಾಚಿದ ಕೈ ಹಾಗೇ ಗಾಳಿಯಲ್ಲಿ ಉಳಿಯುತ್ತದೆ, ಇನ್ನೊಬ್ಬ ಅದನ್ನೊಮ್ಮೆ ನೋಡಿ ಬೆನ್ನು ತಿರುಗಿಸುತ್ತಾನೆ, ಜನ ಬೂ ಎಂದು ಕೂಗುತ್ತಾರೆ. ನನಗೆ ಪಂದ್ಯ ಶುರುವಾಗುವುದೇ ಅಲ್ಲಿ. ಶೋ ಎಳೆದ ಹಾಗಿದ್ದರೆ ಹಳೆಯ ದೃಶ್ಯಗಳನ್ನು ಮತ್ತೆ ಮತ್ತೆ ತೋರಿಸುವುದನ್ನು ಕಡಿಮೆ ಮಾಡಲಿ, ಅದೇ ಜಾಸ್ತಿ ಬೇಜಾರು ಅಲ್ವಾ?