ಟಕ್, ಟಕ್, ಡಬ್

ಇವತ್ತು ಬೆಳಿಗ್ಗೆ ಸ್ನಾನ ಮುಗಿಸಿ ಬಾಗಿಲು ತೆಗೆದರೆ ಕಾಲೊರಸು ನನಗಿಂತ ಚೆನ್ನಾಗಿ ಮಿಂದಿತ್ತು. ನೀರು ಹೋಗುವ ಜಾಲರಿ ಇರುವುದು ಆ ಮೂಲೆಯಲ್ಲಿ. ನೀರು ಬರುವುದು ಈ ಕಡೆ, ಹಾಲ್‌ಗೆ, ಸೀರಿಯಲ್ ನೋಡಲು ಬರುವ ಪಕ್ಕದ ಮನೆಯವರ ಹಾಗೆ. ಹೊಸ ಫ್ಲಾಟ್‌ಗೆ ಬಂದು ಮೂರು ತಿಂಗಳಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಸ್ನಾನಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಸೋಪು ಹಿಡಿದು, ಇನ್ನೊಬ್ಬರು ಹೊರಗೆ ವೈಪರ್ ಹಿಡಿದು.

ಹಾಗಂತ ಕಣ್ಣುಮುಚ್ಚಿ ತಗೊಂಡ ಮನೆಯಲ್ಲ ಇದು. ದುಡ್ಡು ಕೊಟ್ಟು ಇನ್‌ಸ್ಪೆಕ್ಷನ್ ಮಾಡಿಸಿದ ಮನೆ!

ಆ ಹುಳ ಬಿಟ್ಟವನು ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದ. "ಇಲ್ಲೆಲ್ಲ ಇನ್‌ಸ್ಪೆಕ್ಷನ್ ಆಗದೆ ಯಾರೂ ಮನೆ ತಗೊಳ್ಳಲ್ಲ ಭಾವ" ಅಂದ. ಸರಿ. ಆದರೆ ಅಲ್ಲಿ ಇನ್‌ಸ್ಪೆಕ್ಷನ್ ಮುಗಿದ ಮೇಲೆ ಕೊಳ್ಳುವುದೋ ಬೇಡವೋ ಅಂತ ಯೋಚಿಸುತ್ತಾರೆ. ಇಲ್ಲಿ ನಾವು ಸಾಲ ತೆಗೆದು, ನೂರಕ್ಕೆ ತೊಂಬತ್ತೈದು ಪಾಲು ದುಡ್ಡು ಕಟ್ಟಿ, ಬೀಗದ ಕೈ ಸಿಗುವ ಹಿಂದಿನ ವಾರ ಇನ್‌ಸ್ಪೆಕ್ಟರನ್ನು ಕರೆಯುತ್ತೇವೆ. ತಾಳಿ ಕಟ್ಟಿದ ಮೇಲೆ ಜಾತಕ ನೋಡಿದ ಹಾಗೆ.

ಬಂದವನು ಇಪ್ಪತ್ತೈದರ ಹುಡುಗ. ಬೆನ್ನಿಗೆ ದೊಡ್ಡ ಚೀಲ. ಅದರಿಂದ ಒಂದೊಂದೇ ಸಾಮಾನು ತೆಗೆದು ಸಾಲಾಗಿ ಜೋಡಿಸುವಾಗ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತ ಹಾಗಾಯಿತು. ಎರಡು ಮೊಳೆಯಂಥ ಮುಳ್ಳುಗಳಿದ್ದ ತೇವದ ಮೀಟರನ್ನು ಗೋಡೆಗೆ ಒತ್ತಿದ. ಹೊಸ ಪೇಂಟ್ ಹಿಂದೆ ತೇವ ಅಡಗಿದ್ದರೂ ಅದಕ್ಕೆ ಗೊತ್ತಾಗುತ್ತದಂತೆ. ಮೂರು ದೀಪದ ಒಂದು ಪ್ಲಗ್ಗನ್ನು ಎಲ್ಲ ಸಾಕೆಟ್ಟಿಗೂ ಚುಚ್ಚಿ ಅರ್ಥಿಂಗ್ ನೋಡಿದ. ಥರ್ಮಲ್ ಕ್ಯಾಮೆರಾ ಹಿಡಿದಾಗ ಸೀಲಿಂಗಿನಲ್ಲಿ ಒಂದು ನೀಲಿ ಮಚ್ಚೆ ಕಂಡಿತು. ಒದ್ದೆ ಜಾಗ ತಣ್ಣಗಿರುತ್ತದೆ, ಕ್ಯಾಮೆರಾಗೆ ಆ ತಣ್ಣಗಿರುವುದು ಮಾತ್ರ ಕಾಣುತ್ತದೆ, ಗೋಡೆ ಒಳಗಿನದೇನೂ ಕಾಣಲ್ಲ ಸಾರ್ ಎಂದ. ಪ್ರಾಮಾಣಿಕ ಹುಡುಗ. ಆಮೇಲೆ ಮೇನ್ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದ. ಮನೆಯ ಕರೆಂಟೆಲ್ಲ ಫಟ್ಟನೆ ಹೋಯಿತು. "ವೆರಿ ಗುಡ್" ಎಂದ. ಬೆಂಗಳೂರಿನಲ್ಲಿ ಕರೆಂಟ್ ಹೋದದ್ದಕ್ಕೆ ಖುಷಿಪಟ್ಟವರನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಗೆ ತೆಗೆದದ್ದು ಆ ಕೋಲು.

ಹಳೇ ರೇಡಿಯೋ ಆಂಟೆನಾದ ತುದಿಗೆ ಉಕ್ಕಿನ ಗೋಲಿ ಅಂಟಿಸಿದ ಹಾಗಿತ್ತು. ಅದನ್ನು ಎಳೆದು ಉದ್ದ ಮಾಡಿ ಟೈಲ್ಸ್ ಬಡಿಯತೊಡಗಿದ. ಒಂದೊಂದು ಟೈಲಿಗೂ ಐದು ಏಟು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಟಕ್, ಟಕ್, ಟಕ್, ಟಕ್, ಡಬ್. ಡಬ್ ಅಂದಲ್ಲಿ ನಿಂತು, ಕಣ್ಣುಮುಚ್ಚಿ, ಇನ್ನೊಮ್ಮೆ ಬಡಿದು, "ಪೊಳ್ಳು ಸಾರ್" ಎಂದು ಹಳದಿ ಚೀಟಿ ಅಂಟಿಸುತ್ತಿದ್ದ. ಟೈಲಿನ ಅಡಿಗೆ ಪೂರ್ತಿ ಗಾರೆ ಬಳಿಯದೆ ಅಲ್ಲೊಂದು ಇಲ್ಲೊಂದು ಉಂಡೆ ಇಟ್ಟು ಕೂರಿಸಿಬಿಟ್ಟರೆ ಹೀಗಾಗುತ್ತದಂತೆ. ಮೇಲೆ ರುಬ್ಬುವ ಗುಂಡು ಬಿದ್ದರೆ ಟೈಲು ಒಡೆಯುತ್ತದೆ. ಬಚ್ಚಲಲ್ಲಾದರೆ ಆ ಪೊಳ್ಳಿನಲ್ಲಿ ನೀರು ಸೇರಿಕೊಳ್ಳುತ್ತದೆ.

ಮೊದಲ ಅರ್ಧ ಗಂಟೆ ನಾವಿಬ್ಬರೂ ಗರ್ಭಗುಡಿಯ ಮುಂದೆ ನಿಂತವರಂತೆ ಸುಮ್ನಿದ್ದೆವು. ಆಮೇಲೆ ನನ್ನ ಹೆಂಡತಿಗೆ ಕಿವಿ ಕೂತಿತು. "ರೀ, ಅದು ಡಬ್ ಅಂತು, ಅವನು ಬಿಟ್ಟ" ಎಂದಳು. ಹುಡುಗ ವಾಪಸ್ ಬಂದು ಬಡಿದ. ಡಬ್. ಅಲ್ಲಿಂದಾಚೆ ಇನ್‌ಸ್ಪೆಕ್ಷನ್ ಅವಳದೇ, ಹುಡುಗ ಬರೀ ಕೋಲು ಹಿಡಿದವನು. ಎರಡು ಗಂಟೆಯಲ್ಲಿ ಮನೆಗೆ, ಅಮ್ಮ ಎದ್ದ ಮಗುವಿನ ಹಾಗೆ, ಮೈತುಂಬಾ ಹಳದಿ ಚೀಟಿ.

ರಿಪೋರ್ಟು 64 ಪುಟ. ದೋಷ 131. 87ನೆಯದು: "ಬಚ್ಚಲಿನ ಇಳಿಜಾರು ಬಾಗಿಲ ಕಡೆಗಿದೆ." ಜಾಲರಿಗೆ ಬಟ್ಟೆ ತುರುಕಿ, ಒಂದಿಡೀ ದಿನ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಆಗಬೇಕಿತ್ತು. ಆದರೆ ಅವತ್ತು ಟ್ಯಾಂಕರ್ ಬಂದಿರಲಿಲ್ಲ. ನೀರಿಲ್ಲದ್ದರಿಂದ ಸೋರಲಿಲ್ಲ.

ರಿಪೋರ್ಟ್ ಹಿಡಿದು ಬಿಲ್ಡರ್ ಕಡೆಯ ಎಂಜಿನಿಯರ್ ಬಳಿ ಹೋದೆ. ಆತನ ಹತ್ತಿರ ಎಲ್ಲದಕ್ಕೂ ಒಂದೇ ಮಂತ್ರ. ಗೋಡೆ ಸೊಟ್ಟ ಇದೆಯಲ್ಲ? "ವಿತಿನ್ ಟಾಲರೆನ್ಸ್ ಸಾರ್, ಇಷ್ಟು ಹೆಚ್ಚುಕಮ್ಮಿ ನಡೆಯುತ್ತೆ." ಬಾಗಿಲು ಕೂರುತ್ತಿಲ್ಲ? "ವಿತಿನ್ ಟಾಲರೆನ್ಸ್." ನಲವತ್ತು ಟೈಲು ಪೊಳ್ಳು? "ಟಾಲರೆನ್ಸ್ ಸಾರ್." ಅದು ಗೋಡೆಯ ಟಾಲರೆನ್ಸ್ ಅಲ್ಲ, ನನ್ನದು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಆಗಲೇ ನಾನು ಕಾನೂನು ಓದಿದ್ದು. ಬಿಲ್ಡರುಗಳಿಗೆ ಮೂಗುದಾರ ಹಾಕುವ 2016ರ ರೇರಾ ಕಾಯ್ದೆ, 14ನೇ ಸೆಕ್ಷನ್. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದಲ್ಲಿ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಬಿಟ್ಟಿಯಾಗಿ ಸರಿಮಾಡಿಕೊಡಬೇಕು. ಈಗ ನನಗೆ ಇದು ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಪಾಠ. ಆತನ ಮುಂದೆ ಒಪ್ಪಿಸಿದೆ. "ಖಂಡಿತ ಸಾರ್, 30 ದಿನ ಇದೆಯಲ್ಲ" ಎಂದ. ಹೋದ ವಾರ 87ನೇ ಸಾಲಿನ ಮುಂದೆ "ಸರಿಪಡಿಸಲಾಗಿದೆ" ಎಂದು ಬರೆದು ಫೋಟೋ ಕಳಿಸಿದ್ದಾನೆ. ಫೋಟೋದಲ್ಲಿ ನಮ್ಮದೇ ಬಚ್ಚಲು. ಒರೆಸಿದ್ದಾರೆ.

ಗೃಹಪ್ರವೇಶದ ದಿನವೇ ನನಗೆ ತಿಳಿಯಬೇಕಿತ್ತು. ಹಸು ಲಿಫ್ಟ್ ಹತ್ತಲ್ಲ ಎಂದು ಅದಕ್ಕೆ ಕೆಳಗೆ ಪಾರ್ಕಿಂಗಿನಲ್ಲೇ ಪೂಜೆಯಾಯಿತು. ಮೇಲೆ ಬಂದು ಹಾಲು ಉಕ್ಕಿಸಿದೆವು. ಹಾಲು ಪೂರ್ವಕ್ಕೆ ಉಕ್ಕಿ, ಕಟ್ಟೆಯುದ್ದಕ್ಕೂ ಹರಿದು, ನೆಲಕ್ಕಿಳಿದು, ಮತ್ತೂ ಪೂರ್ವಕ್ಕೆ ಹೋಯಿತು. "ಬಹಳ ಶುಭ" ಎಂದರು ಪುರೋಹಿತರು. ಹಾಲು ತೆಂಕಲಾಗಿ ಉಕ್ಕಿದ್ದರೂ ಅದು ಪೂರ್ವಕ್ಕೇ ಹೋಗುತ್ತಿತ್ತು. ಅಡುಗೆಮನೆಯ ಇಳಿಜಾರೇ ಹಾಗಿದೆ. 92ನೇ ದೋಷ.

ಊರಿನ ನಮ್ಮ ಹಂಚಿನ ಮನೆಯೂ ಸೋರುತ್ತಿತ್ತು. ಮಳೆಗಾಲ ಬಂತೆಂದರೆ ಒಂದೊಂದು ಸೋರುವ ಜಾಗಕ್ಕೂ ಒಂದೊಂದು ಪಾತ್ರೆ ಗೊತ್ತು ಮಾಡಿರುತ್ತಿದ್ದರು. ನಡುಮನೆಗೆ ಹಿತ್ತಾಳೆ ಕೊಳದಪ್ಪಲೆ, ದೇವರ ಕೋಣೆಗೆ ತಂಬಿಗೆ, ನನ್ನ ತಲೆದಿಂಬಿನ ಪಕ್ಕ ಸೀಳಿದ ಅಂಚಿನ ಸ್ಟೀಲ್ ಬೋಸಿ. ಕತ್ತಲಲ್ಲಿ ಅಮ್ಮ ಹಾಸಿಗೆಯಿಂದಲೇ "ತಂಬಿಗೆ ತುಂಬಿತು, ಚೆಲ್ಲಿ ಬಾರೋ" ಎನ್ನುತ್ತಿದ್ದಳು. ಟಣ್ ಎನ್ನುತ್ತಿದ್ದದ್ದು ಟುಪ್ ಎಂದರೆ ಅವಳಿಗೆ ಗೊತ್ತಾಗುತ್ತಿತ್ತು. ಮನೆ ಬಿದ್ದು ಹನ್ನೊಂದು ವರ್ಷ. ಮಳೆ ಬಂದ ರಾತ್ರಿ ಈಗಲೂ ಒಮ್ಮೊಮ್ಮೆ ಆ ಟುಪ್‌ಗೆ ಕಾಯುತ್ತೇನೆ.

ಆ ಕೋಲನ್ನು ನಾನೂ ಆನ್‌ಲೈನಿನಲ್ಲಿ ತರಿಸಿಕೊಂಡೆ. ಬೇಡವಿತ್ತು. ಈಗ ಕಂಡದ್ದೆಲ್ಲ ಬಡಿಯಬೇಕೆನಿಸುತ್ತದೆ. ಮೊನ್ನೆ ಸ್ನೇಹಿತನ ಹೊಸ ಮನೆಯಲ್ಲಿ ಕಾಫಿ ಕುಡಿಯುತ್ತಾ ಹಿಮ್ಮಡಿಯಿಂದ ನೆಲ ಬಡಿದು, "ಇಲ್ಲಿ ಪೊಳ್ಳು" ಎಂದುಬಿಟ್ಟೆ. ಎರಡನೇ ಕಾಫಿ ಬರಲಿಲ್ಲ. ಹಣ್ಣಿನಂಗಡಿಯಲ್ಲಿ ಇನ್ನೂ ಫಜೀತಿ. ಕಲ್ಲಂಗಡಿಯಲ್ಲಿ ಡಬ್ ಅಂದರೆ ಹಣ್ಣು, ಟೈಲ್‌ನಲ್ಲಿ ಡಬ್ ಅಂದರೆ ಮಣ್ಣು. ನನ್ನ ಕಿವಿ ಟೈಲಿಗೆ ಪಳಗಿದೆ. ಆರಿಸಿ ಆರಿಸಿ ಕಾಯಿ ತಂದೆ.

ನಿನ್ನೆ ರಾತ್ರಿ ಹತ್ತೂವರೆಗೆ ಬೆಡ್‌ರೂಮಿನ ಗೋಡೆ ಬಡಿಯುತ್ತಿದ್ದೆ. ಕರೆಗಂಟೆ ಬಾರಿಸಿತು. ಪಕ್ಕದ ಫ್ಲಾಟಿನವರು, ಲುಂಗಿಯಲ್ಲಿ. ಬೈಸಿಕೊಳ್ಳಲು ತಯಾರಾಗಿ ಬಾಗಿಲು ತೆಗೆದೆ.

"ಸಾರ್, ಆ ಕೋಲು ಒಂದು ನಿಮಿಷ ಕೊಡ್ತೀರಾ? ನಮ್ಮ ಬಚ್ಚಲಲ್ಲೂ..."

ಕೊಟ್ಟೆ. ಬಂದು ಮಲಗಿದೆವು. ಗೋಡೆಯಾಚೆಯಿಂದ ಟಕ್. ಟಕ್. ಟಕ್. ಟಕ್. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

ಡಬ್.

"ಪೊಳ್ಳು" ಎಂದಳು ನನ್ನ ಹೆಂಡತಿ, ಕಣ್ಣುಮುಚ್ಚಿಕೊಂಡೇ.