ಹಳಿ ಬಾರದ ದಾರಿಯಲ್ಲಿ ಪಾರಂಪರಿಕ ನಡಿಗೆ

ಇಂಗ್ಲೆಂಡಿನವರು 1960ರ ದಶಕದಲ್ಲಿ ನಷ್ಟದ ಹೆಸರಿನಲ್ಲಿ ಸಾವಿರಾರು ಮೈಲಿ ರೈಲು ಮಾರ್ಗ ಮುಚ್ಚಿ ಹಳಿ ಕಿತ್ತರು. ಈಗ ಅಂಥ ಎಷ್ಟೋ ದಾರಿಗಳ ಮೇಲೆ ಜನ ಕೈಯಲ್ಲಿ ಕೋಲು ಹಿಡಿದು ಅಡ್ಡಾಡುತ್ತಾರೆ, ಹಳೆಯ ಸ್ಟೇಷನ್ನಿನ ಗೋಡೆ ಮುಟ್ಟಿ ನೋಡುತ್ತಾರೆ, ಊರಿನ ಇತಿಹಾಸ ಹೇಳಿಸಿಕೊಳ್ಳುತ್ತಾರೆ. ಒಂದು ವಾಕಿಂಗ್‌ಗೆ ಎಷ್ಟು ಸುತ್ತು ಬಳಸಿದರು ನೋಡಿ! ಮೊದಲು ಹಳಿ ಹಾಸಬೇಕು, ನೂರು ವರ್ಷ ರೈಲು ಓಡಿಸಬೇಕು, ಕೈ ಸುಟ್ಟುಕೊಳ್ಳಬೇಕು, ಹಳಿ ಕೀಳಬೇಕು, ಆಮೇಲೆ ನಡೆಯಬೇಕು. ಹುಬ್ಬಳ್ಳಿ ವ್ಯಾಪಾರಸ್ಥರ ಊರು. ನಡುವಿನ ಖರ್ಚನ್ನೆಲ್ಲ ಉಳಿಸಿ ನಾವು ಸೀದಾ ನಡಿಗೆಗೇ ಬಂದಿದ್ದೇವೆ.

ಹೇಳುತ್ತಿರುವುದು ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ವಿಷಯ. ಉದ್ದ ಸುಮಾರು 165 ಕಿ.ಮೀ. ಮಂಜೂರಾದದ್ದು 1990ರ ದಶಕದ ಕೊನೆಯಲ್ಲಿ. ಹುಬ್ಬಳ್ಳಿಯಿಂದ ಕಲಘಟಗಿಯ ಮೇಲೆ ಹಾಯ್ದು ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯ ಕಡೆಗೆ ಮಣ್ಣು ಸುರಿದರು, ಏರಿ ಕಟ್ಟಿದರು, ಸೇತುವೆ ಎಬ್ಬಿಸಿದರು. ಅಷ್ಟರಲ್ಲಿ ಕಾಡು ಅಡ್ಡ ಬಂತು. ಕಾಡು ಅಲ್ಲಿಯೇ ಇತ್ತು, ಯಾವಾಗಲೂ ಇತ್ತು. ಏರಿ ಕಟ್ಟಿ ಮುಂದೆ ಹೋದ ಮೇಲೆ ಕಣ್ಣಿಗೆ ಬಿತ್ತು ಅಷ್ಟೇ. ಸಹ್ಯಾದ್ರಿಯನ್ನು ದಾಟದೆ ಅಂಕೋಲೆಗೆ ಹೋಗಲಾಗದು ಎಂಬ ಗುಟ್ಟು ಈ ಸೀಮೆಯ ಲಾರಿ ಕ್ಲೀನರ್‌ಗಳಿಗೆಲ್ಲ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ.

ಹೀಗಾಗಿ ನನ್ನದೊಂದು ಅರ್ಜಿ: ಈ ಏರಿಯನ್ನು ಕೂಡಲೇ ಪಾರಂಪರಿಕ ನಡಿಗೆಯ ಮಾರ್ಗವೆಂದು ಘೋಷಿಸಬೇಕು. ರೈಲು ನಿಂತುಹೋದ ದಾರಿ ಯಾವ ದೇಶದಲ್ಲಾದರೂ ಸಿಕ್ಕೀತು. ರೈಲು ಬರುವ ಮೊದಲೇ ಪಳೆಯುಳಿಕೆಯಾದ ದಾರಿ ಎಲ್ಲಿ ಸಿಗಬೇಕು?

ಇತಿಹಾಸಕ್ಕಂತೂ ಬರವಿಲ್ಲ. ಧಾರವಾಡ ಸೀಮೆಯ ಹತ್ತಿ ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಬೆಳೆದವರು ನಾವು, ಪೇಟೆಯಲ್ಲಿ ಅದರ ಹೆಸರು ಮಾತ್ರ ‘ಕುಮಟಾ ಹತ್ತಿ’. ಈ ಅನ್ಯಾಯಕ್ಕೂ ಒಂದು ಹೋರಾಟ ಸಮಿತಿ ಆಗಬೇಕಿತ್ತು, ಯಾಕೋ ಆಗಲಿಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ನಮ್ಮ ಎರೆಹೊಲಗಳ ಮೇಲೆ ಬಿತ್ತು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂದು 1862ರಲ್ಲಿ ಇಡೀ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಒಂದು ಜಿಲ್ಲೆಯನ್ನು ಪ್ರಾಂತ ದಾಟಿಸುವುದು ಸಾಧ್ಯವಾಯಿತು, ಘಟ್ಟದ ಕೆಳಗಿನ ಬಂದರಿಗೆ ರೈಲು ಇಳಿಸುವುದು ಆಗಲಿಲ್ಲ. ಕಾರವಾರದ ರೈಲಿನ ಮಾತು ಆಗಲೇ ಜೋರಾಗಿತ್ತು. 1878ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದವಾದದ್ದೇ ತಡ, ಎಲ್ಲರ ಚಿತ್ತ ಮುರ್ಮಗೋವೆಯತ್ತ ಹೊರಳಿತು. 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಘಟ್ಟ ಇಳಿದು ರೈಲು ಗೋವೆಯ ಸಮುದ್ರ ಮುಟ್ಟಿಯೇಬಿಟ್ಟಿತು. ಅಂದರೆ ಈ ದಾರಿಯ ಭರವಸೆಗೆ ಒಂದೂವರೆ ಶತಮಾನ ಸಂದಿದೆ. ಇಷ್ಟು ಹಳೆಯ ವಸ್ತು ನೆಲದಡಿ ಸಿಕ್ಕಿದ್ದರೆ ಪುರಾತತ್ವ ಇಲಾಖೆ ಬೇಲಿ ಹಾಕಿ ನೀಲಿ ಫಲಕ ನೆಡುತ್ತಿತ್ತು.

ನಡಿಗೆಗೆ ಬಂದವರು ನೋಡುವುದು ಏನು ಎಂದು ಕೇಳುತ್ತೀರಾ? ಏರಿಯ ಮೇಲೆ ಜಾಲಿ, ಲಂಟಾನ, ನಡುವೆ ಕುರಿಗಳು ತುಳಿದು ಮಾಡಿದ ಸಣ್ಣ ಕಾಲುದಾರಿ. ಒಂದು ಬದಿಯಲ್ಲಿ ಏರಿಯ ಮಣ್ಣನ್ನು ಯಾರೋ ಕಚ್ಚಿಕೊಂಡು ಹೋದ ಗುರುತು. ಟ್ರ್ಯಾಕ್ಟರ್ ಗಾಲಿಯ ಅಚ್ಚು ಇನ್ನೂ ಹಸಿಯಾಗಿದೆ. ಹಳ್ಳದ ಮೇಲಿನ ಕಾಂಕ್ರೀಟ್ ಸೇತುವೆಯ ಕೆಳಗೆ ಒಲೆಯ ಮೂರು ಕಲ್ಲು, ಬೂದಿ, ಒಂದು ಒಡೆದ ಮಗಿ. ಮೇಲೆ ಎದ್ದುನಿಂತ ಕಬ್ಬಿಣದ ಸರಳುಗಳಿಗೆ ತುಕ್ಕು, ಒಂದು ಸರಳಿಗೆ ಯಾರದೋ ಒದ್ದೆ ಟವೆಲ್. ಸುಗ್ಗಿಯ ದಿನಗಳಲ್ಲಿ ಬಂದರೆ ಸಮತಟ್ಟಾದ ಜಾಗದಲ್ಲೆಲ್ಲ ಗೋವಿನಜೋಳ ಹರವಿರುತ್ತದೆ. ಕಾವಲಿಗೆ ಕುಳಿತ ಹಿರಿಯರನ್ನು ‘ಅಜ್ಜಾರೇ, ರೈಲು ಯಾವಾಗ ಬರುತ್ತದೆ?’ ಎಂದು ಕೇಳಿ ನೋಡಿ. ‘ಯಾವಾಗಲಾದರೂ ಬರಲಿ ತಮ್ಮಾ, ಕಾಳು ಒಣಗುವ ತನಕ ತಡೆದು ಬಂದರೆ ಸಾಕು’ ಎನ್ನುತ್ತಾರೆ. ರೈಲ್ವೆ ಮಂಡಳಿಯೂ ಇಷ್ಟು ಸ್ಪಷ್ಟವಾದ ವೇಳಾಪಟ್ಟಿ ಕೊಟ್ಟಿಲ್ಲ.

ಕಾಡು ಕಡಿಯಬೇಕು ಎನ್ನುವ ಪೈಕಿ ನಾನಲ್ಲ. ಕೇಳಿದ ಅರಣ್ಯ ಭೂಮಿ ಸುಮಾರು 595 ಹೆಕ್ಟೇರ್, ಉರುಳಬೇಕಾದ ಮರಗಳ ಲೆಕ್ಕ ಎರಡು ಲಕ್ಷದ ಮೇಲೆ. ಅವು ನಿಂತಿರುವುದು ನನಗೆ ಸಮಾಧಾನದ ವಿಷಯವೇ. ಹೊಟ್ಟೆಯುರಿಯುವುದು ಬೇರೆಯದಕ್ಕೆ. ಇಷ್ಟು ವರ್ಷಗಳಲ್ಲಿ ‘ಆಗುತ್ತದೆ’ ಎಂದವರು ಅನೇಕರು, ‘ಆಗುವುದಿಲ್ಲ’ ಎಂದು ಹುಬ್ಬಳ್ಳಿಯ ವೇದಿಕೆಯಲ್ಲಿ ನಿಂತು ಹೇಳುವ ಗಂಡೆದೆ ಯಾವ ಪಕ್ಷಕ್ಕೂ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು, ಪಟಾಕಿ ಸಿಡಿಯಿತು. ಜೂನ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, ಪಟಾಕಿಯ ಕಾಗದ ಗುಡಿಸಿದರು. ಮತ್ತೆ ಸಮಿತಿ, ಮತ್ತೆ ಸ್ಥಳ ಪರಿಶೀಲನೆ, ಮತ್ತೆ ವರದಿ. ಈಚೆಗೆ ಜೋಡಿ ಮಾರ್ಗಕ್ಕೇ ಹೊಸ ಯೋಜನಾ ವರದಿ ಎಂಬ ಮಾತೂ ಎದ್ದಿದೆ. ಒಂದು ಹಳಿಯೂ ಬೀಳದ ಕಡೆ ಎರಡು ಮಾರ್ಗ! ಗೋಡೆ ಏಳುವ ಮೊದಲೇ ಮಹಡಿಯ ಮೇಲಿನ ಕೋಣೆಗೆ ಬಾಡಿಗೆದಾರರನ್ನು ಹುಡುಕಿದ ಹಾಗಾಯಿತು.

ಕೆಳಗೆ ಕೊಂಕಣ ರೈಲಿನವರದು ಇನ್ನೊಂದು ಕಥೆ. ಅದೇ ಸಹ್ಯಾದ್ರಿಯ ಮಗ್ಗುಲಲ್ಲಿ 1990ರಲ್ಲಿ ಕೆಲಸ ಹಿಡಿದು 1998ರಲ್ಲಿ ಸುಮಾರು 740 ಕಿ.ಮೀ. ಮುಗಿಸಿದರು. ಅಂಕೋಲಾ ಸ್ಟೇಷನ್ ಆಗಿನಿಂದಲೂ ಇದೆ. ಮಂಗಳೂರಿನಿಂದ ಬರುತ್ತಾರೆ, ಮಡಗಾಂವಿನಿಂದ ಬರುತ್ತಾರೆ, ಹುಬ್ಬಳ್ಳಿಯ ಬೀಗರು ಮಾತ್ರ ಇನ್ನೂ ಮುಹೂರ್ತ ಕೇಳುತ್ತಿದ್ದಾರೆ.

ರೈಲ್ವೆಯವರು ಏನೂ ಮಾಡಿಲ್ಲ ಎಂದರೆ ಪಾಪ ಸುತ್ತಿಕೊಳ್ಳುತ್ತದೆ. 2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯಲ್ಲಿ ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು: 1,507 ಮೀಟರ್. ಇಷ್ಟು ಉದ್ದ ಯಾಕೆ ಎಂದು ಆಗ ಕೆಲವರು ತಲೆ ಕೆರೆದುಕೊಂಡರು. ಅಜ್ಜನ ಕಾಲದಿಂದ ಅಂಕೋಲಾ ರೈಲಿಗೆ ಕಾಯುತ್ತಿರುವವರನ್ನು ಸಾಲಾಗಿ ನಿಲ್ಲಿಸುವುದಕ್ಕೆ ಅದಕ್ಕಿಂತ ಕಡಿಮೆ ಜಾಗ ಸಾಲುತ್ತದೆಯೇ? ನಮ್ಮ ಪಾರಂಪರಿಕ ನಡಿಗೆಯನ್ನೂ ಅಲ್ಲಿಂದಲೇ ಶುರು ಮಾಡಬೇಕು. ಬೆಳಿಗ್ಗೆ ಆರಕ್ಕೆ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮೂರು ಕಿ.ಮೀ. ದಾಟುತ್ತದೆ, ಡಾಕ್ಟರರು ಹೇಳಿದ ಅರ್ಧ ವಾಕಿಂಗ್ ಅಲ್ಲಿಯೇ ಮುಗಿಯುತ್ತದೆ.

ಮಾರ್ಗದರ್ಶಿ ಹುದ್ದೆಗಳಿಗೆ ನಿವೃತ್ತ ಸಮೀಕ್ಷಕರಿಗೆ ಆದ್ಯತೆ ಕೊಡಬೇಕು. ಅವರಷ್ಟು ಸಲ ಈ ದಾರಿ ತುಳಿದವರು ಬೇರೆ ಯಾರೂ ಇಲ್ಲ. ಕಲಘಟಗಿಯಲ್ಲಿ ಊಟದ ಬಿಡುವು. ಅಲ್ಲಿನ ಬಣ್ಣದ ತೊಟ್ಟಿಲು ಹೆಸರಾದದ್ದು, ಮೊಮ್ಮಕ್ಕಳಿಗೆಂದು ಈಗಲೇ ಒಂದು ಕಾಯ್ದಿರಿಸಿ ಬರಬಹುದು. ತೂಗುವಾಗ ಹೇಳಲು ರೈಲಿನ ಕಥೆಯಂತೂ ಇದ್ದೇ ಇರುತ್ತದೆ. ನಡಿಗೆ ಕಿರವತ್ತಿಯ ತನಕ ಮಾತ್ರ. ಅಲ್ಲಿಂದ ಮುಂದೆ ಅಂಕೋಲೆಗೆ ಹೋಗಲೇಬೇಕು ಎನ್ನುವ ಹಟಮಾರಿಗಳು ಹೆದ್ದಾರಿಗೆ ಇಳಿದು ವಾಯವ್ಯ ಸಾರಿಗೆಯ ಬಸ್ಸಿಗೆ ಕೈ ಅಡ್ಡ ಹಿಡಿಯಬೇಕು. ಬಸ್ಸು ಬರುತ್ತದೆ. ಸೀಟು ಸಿಗುವ ಸಾಧ್ಯತೆಯ ಬಗ್ಗೆ ಮಾತ್ರ ಇನ್ನೂ ಒಂದು ಸಮೀಕ್ಷೆ ಆಗಬೇಕಾಗಿದೆ.